ಎರೆಹೊಲಕ್ಕೆ ಗೊಬ್ಬರ: ಎಷ್ಟು ಎಂಬುದಕ್ಕಿಂತ ಎಲ್ಲಿ, ಯಾವಾಗ



"ಎರಿ ಹೊಲಕ್ಕ ಗೊಬ್ಬರ ಯಾಕ್ರೀ ಸಾಹೇಬ್ರ? ಮಳಿ ಒಂದ್ ಬಂದ್ರ ಸಾಕು." ನವಲಗುಂದ, ರೋಣ, ವಿಜಯಪುರದ ಕಡೆಯ ಹಳ್ಳಿಗಳಿಗೆ ಹೋದಾಗ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಗೊಬ್ಬರವೇನಿದ್ದರೂ ಮಸಾರಿ ಭೂಮಿಗೆ, ಎರೆಗೆ ಮಳೆಯೇ ಗೊಬ್ಬರ ಎಂಬುದು ಹಿರಿಯರಿಂದ ಬಂದ ನಂಬಿಕೆ. ಮಳೆ ಕೈಕೊಟ್ಟ ವರ್ಷ ಗೊಬ್ಬರ ಹಾಕಿದ ಹೊಲವೇ ಮೊದಲು ಒಣಗುತ್ತದೆ ಎಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುವವರೂ ಇದ್ದಾರೆ. ನಮ್ಮಂಥ ವಿಜ್ಞಾನಿಗಳು ಇದನ್ನು ತಪ್ಪು ತಿಳಿವಳಿಕೆ ಎಂದು ಬದಿಗೆ ಸರಿಸುತ್ತ ಬಂದಿದ್ದೇವೆ. ಅದು ಪೂರ್ತಿ ತಪ್ಪಲ್ಲ ಎಂಬುದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನಮ್ಮ ಮನೆತನದ ಹೊಲದಿಂದಲೇ.

2011ರ ಹಿಂಗಾರಿನ ಮಾತು. ಆಗ ನಾನು ಡಾಕ್ಟರೇಟ್ ಮುಗಿಸಿ ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ನವಲಗುಂದದ ಕಡೆ ನಮ್ಮ ದೊಡ್ಡಪ್ಪನ ಮಗ ಆರು ಎಕರೆ ಎರೆ ಮಾಡುತ್ತಾನೆ. ಸಾವಯವ ಪದಾರ್ಥ ಕಡಿಮೆಯಾಗಿದೆ, ಎಕರೆಗೆ ಹತ್ತು ಚಕ್ಕಡಿ ಗೊಬ್ಬರ ಹಾಕಣ್ಣಾ ಎಂದು ನಾನೇ ಒತ್ತಾಯ ಮಾಡಿದೆ. ಅಣ್ಣ ತಿಪ್ಪೆಯನ್ನು ಕೆದರಿ, ಅರೆಬರೆ ಕೊಳೆತ ಗೊಬ್ಬರವನ್ನು ಒಂದು ಎಕರೆಗೆ ಹರಡಿ, ವಾರದೊಳಗೆ ಜೋಳ ಕೂರಿದ. ಆ ವರ್ಷ ಹಿಂಗಾರಿ ಮಳೆ ಬೇಗನೆ ನಿಂತುಹೋಯಿತು. ಮೊಳಕಾಲುದ್ದ ಬೆಳೆದ ಜೋಳ ಗೊಬ್ಬರ ಹಾಕಿದ ಪಟ್ಟಿಯಲ್ಲಿ ಹಳದಿಯಾಗಿ ನಿಂತಿತ್ತು. ಪಕ್ಕದ ಹಾಕದ ಪಟ್ಟಿ ಹಸಿರಾಗಿಯೇ ಇತ್ತು. ಬದುವಿನ ಮೇಲೆ ನಿಂತು ಅಣ್ಣ ಬೈಯಲಿಲ್ಲ. "ತಮ್ಮಾ, ನೀ ಹೇಳಿದಂಗ ಮಾಡೇನಿ. ಈಗ ನೀನ ನೋಡು" ಎಂದಷ್ಟೇ ಹೇಳಿದ.

ನಡೆದದ್ದು ಇಷ್ಟು. ಕೊಳೆಯದ ಕಸಕಡ್ಡಿಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಜೋಳದ ದಂಟಿನಲ್ಲಿ ಒಂದು ಪಾಲು ಸಾರಜನಕಕ್ಕೆ 60 ಪಾಲಿಗೂ ಮಿಕ್ಕಿ ಇಂಗಾಲವಿರುತ್ತದೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮ್ಮ ಹೊಟ್ಟೆಗೆ ಸಾಲದ ಸಾರಜನಕವನ್ನು ಮಣ್ಣಿನಿಂದಲೇ ಎತ್ತಿಕೊಳ್ಳುತ್ತವೆ. ಎಳೆಯ ಬೆಳೆ ಆಗ ಉಪವಾಸ ಬೀಳುತ್ತದೆ. ಸಾಲದ್ದಕ್ಕೆ ಬಿತ್ತನೆಯ ಹೊತ್ತಿನಲ್ಲಿ ದಪ್ಪನೆಯ ಹಸಿ ಗೊಬ್ಬರ ಬೆರೆಸಿದರೆ ಮಣ್ಣು ಟೊಳ್ಳಾಗಿ, ಬೀಜದ ಸುತ್ತಲಿನ ಹದ ಆರಿಹೋಗುತ್ತದೆ. ಗೆದ್ದಲು, ಗೊಣ್ಣೆಹುಳುಗಳಿಗೂ ಹಸಿ ಗೊಬ್ಬರವೆಂದರೆ ಪ್ರೀತಿ. ಮಳೆ ಚೆನ್ನಾಗಿ ಬಂದಿದ್ದರೆ ಇದೆಲ್ಲ ಮುಚ್ಚಿಹೋಗುತ್ತಿತ್ತು. ಬರದ ವರ್ಷ ಬಯಲಿಗೆ ಬಂತು. ಹಾಗಾಗಿ ಗೊಬ್ಬರ ಬೆಳೆಯನ್ನು ಸುಡುತ್ತದೆ ಎನ್ನುವ ರೈತರು ಕಂಡದ್ದನ್ನೇ ಹೇಳುತ್ತಿದ್ದಾರೆ. ಅವರು ಕಂಡದ್ದು ಗೊಬ್ಬರದ ದೋಷವಲ್ಲ, ಹಣ್ಣಾಗದ ಗೊಬ್ಬರದ ದೋಷ, ವೇಳೆ ತಪ್ಪಿ ಹಾಕಿದ್ದರ ದೋಷ.

ಹಾಗಾದರೆ ಎರೆಗೆ ಗೊಬ್ಬರ ಏಕೆ ಬೇಕು? ನನ್ನ ಉತ್ತರ ನಿಮಗೆ ವಿಚಿತ್ರವಾಗಿ ಕಾಣಬಹುದು. ಬೆಳೆಯ ಆಹಾರಕ್ಕೆಂದು ಅಲ್ಲ, ನೀರು ಒಳಗಿಳಿಯಲೆಂದು.

ಎರೆಮಣ್ಣಿನ ಸ್ವಭಾವ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆಗಾಲದಲ್ಲಿ ಕಾಲು ಕೀಳಲಾಗದ ಕೆಸರು. ಅದರಲ್ಲಿ ನೂರಕ್ಕೆ 50-60 ಪಾಲು ಅತಿ ನುಣ್ಣನೆಯ ಜೇಡಿಕಣಗಳೇ ಇರುತ್ತವೆ. ಈ ಕಣಗಳು ಒಂದರ ಮೇಲೊಂದು ಪೇರಿಸಿದ ತೆಳು ಹಾಳೆಗಳಂತಿದ್ದು, ಹಾಳೆಗಳ ನಡುವೆ ನೀರು ಸೇರಿದಾಗ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಐದಾರು ಅಡಿ ಆಳದ ಎರೆ 200 ಮಿಲಿಮೀಟರಿಗೂ ಹೆಚ್ಚು ನೀರನ್ನು ಬೆಳೆಗೆ ಸಿಗುವಂತೆ ಹಿಡಿದಿಡಬಲ್ಲದು. ಒಂದು ಹನಿ ಮಳೆಯಿಲ್ಲದೆ ಮಾಲದಂಡಿ ಜೋಳ ತೆನೆ ಹಾಕುವುದು, ಬರೀ ಇಬ್ಬನಿಯಲ್ಲಿ ಕಡಲೆ ಕಾಯಿ ಕಟ್ಟುವುದು ಎಂದು ನಾವು ಹೇಳುವುದೆಲ್ಲ ಈ ಕೂಡಿಟ್ಟ ನೀರಿನ ಮಹಿಮೆ.

ಉಗ್ರಾಣ ದೊಡ್ಡದು ನಿಜ, ಅದರ ಬಾಗಿಲು ಮಾತ್ರ ಸಣ್ಣದು. ಒಣಗಿದ ಎರೆಯಲ್ಲಿ ಮೊದಲ ಮಳೆ ಬಿರುಕಿನ ಮೂಲಕ ಗಡಗಡ ಇಳಿಯುತ್ತದೆ. ಮಣ್ಣು ಉಬ್ಬಿ ಬಿರುಕು ಮುಚ್ಚಿದ ಮೇಲೆ, ಪೂರ್ತಿ ನೆನೆದ ಎರೆಯಲ್ಲಿ ನೀರು ಇಂಗುವ ವೇಗ ಗಂಟೆಗೆ ಒಂದು ಮಿಲಿಮೀಟರಿಗೂ ಕಡಿಮೆಯಾಗುತ್ತದೆ. ಬರಿ ನೆಲದ ಮೇಲೆ ಹೊಡೆದ ಹನಿಗಳು ಮೇಲಿನ ಮಣ್ಣನ್ನು ಒಡೆದು, ನುಣ್ಣನೆಯ ಕಣಗಳನ್ನು ರಂಧ್ರಗಳಿಗೆ ತುಂಬಿ, ಸಾರಿಸಿದ ಅಂಗಳದಂತೆ ಮಾಡುತ್ತವೆ. ಆಮೇಲೆ ಬಿದ್ದದ್ದು ಹಳ್ಳದ ಪಾಲು, ಜೊತೆಗೆ ಮೇಲ್ಮಣ್ಣೂ ಹೋಗುತ್ತದೆ. ಈಚೆಗೆ ರೋಟವೇಟರಿನಿಂದ ಹೊಲವನ್ನು ಹಿಟ್ಟಿನಂತೆ ಪುಡಿ ಮಾಡುವ ಹುಚ್ಚು ಬಂದಿದೆ. ನೋಡಲು ಚೆಂದವೇನೋ ಹೌದು, ಆದರೆ ಪುಡಿಯಾದಷ್ಟೂ ಬೇಗ ಬಾಗಿಲು ಮುಚ್ಚುತ್ತದೆ.

ಒಂದು ಇಂಚು ಮಳೆಯೆಂದರೆ ಎಕರೆಗೆ ಒಂದು ಲಕ್ಷ ಲೀಟರ್ ನೀರು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ವಿಜಯಪುರದಂಥ ಕಡೆ, ಸೆಪ್ಟೆಂಬರಿನ ಎರಡು ದೊಡ್ಡ ಮಳೆಗಳಲ್ಲಿ ಒಂದೊಂದು ಇಂಚು ಹೆಚ್ಚು ಇಂಗಿದರೆ ಜೋಳದ ಹಣೆಬರಹವೇ ಬೇರೆ. ಚೌಕುಮಡಿ ಹಾಕಿರಿ, ಇಳಿಜಾರಿಗೆ ಅಡ್ಡಲಾಗಿ ಹರಗಿರಿ ಎಂದು ಹೇಳುತ್ತಲೇ ಇದ್ದೇವೆ. ಅವು ನೀರನ್ನು ನಿಲ್ಲಿಸುತ್ತವೆ. ನಿಂತ ನೀರು ಒಳಗಿಳಿಯಲು ಮೇಲ್ಮಣ್ಣು ಕಾಳುಕಾಳಾಗಿರಬೇಕು. ಆ ಕಾಳುಗಳನ್ನು ನೀರಿನಲ್ಲಿಯೂ ಕರಗದಂತೆ ಹಿಡಿದಿಡುವ ಅಂಟು ಹಣ್ಣಾದ ಗೊಬ್ಬರದಿಂದ ಬರುತ್ತದೆ. ಅದನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳಿಂದಲೂ ಬೇರುಗಳಿಂದಲೂ ಬರುತ್ತದೆ.

ನನ್ನ ಮಾತಿನ ಮೇಲೆ ನಂಬಿಕೆ ಇಡಬೇಕಾಗಿಲ್ಲ. ತಿಪ್ಪೆಯ ಪಕ್ಕದ ಹಿತ್ತಲಿನಿಂದ ಒಣಗಿದ ಸಣ್ಣ ಹೆಂಟೆಯೊಂದನ್ನು ತನ್ನಿ, ನಡು ಹೊಲದಿಂದ ಅಷ್ಟೇ ದೊಡ್ಡದೊಂದನ್ನು ತನ್ನಿ. ಎರಡು ಗಾಜಿನ ಲೋಟಗಳಲ್ಲಿ ತಿಳಿನೀರು ತುಂಬಿ ಮೆಲ್ಲಗೆ ಬಿಡಿರಿ, ಕಲಕಬೇಡಿರಿ. ಹೊಲದ ಹೆಂಟೆ ಸ್ವಲ್ಪ ಹೊತ್ತಿನಲ್ಲಿಯೇ ಕುಸಿದು ನೀರು ರಾಡಿಯಾಗುತ್ತದೆ. ಹಿತ್ತಲಿನದು ಒಡೆದರೂ ಕಾಳುಗಳಾಗಿ ಒಡೆಯುತ್ತದೆ, ನೀರು ಬಹಳ ಹೊತ್ತು ತಿಳಿಯಾಗಿಯೇ ಇರುತ್ತದೆ. ಎರಡರ ತಾಯಿಮಣ್ಣು ಒಂದೇ, ವರ್ಷಗಟ್ಟಲೆ ಬಿದ್ದ ಗೊಬ್ಬರ ಮಾತ್ರ ಬೇರೆ.

ಉಸುಕು ಬೆರೆಸಿದರೆ ಎರೆ ಸಡಿಲವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣಿನ ತೂಕ ಸುಮಾರು 800 ಟನ್. ಅದರಲ್ಲಿನ ಜೇಡಿಯ ಪಾಲನ್ನು ನೂರಕ್ಕೆ 55ರಿಂದ 40ಕ್ಕೆ ಇಳಿಸಲು 300 ಟನ್ ಉಸುಕು ಬೇಕು. ಅಂದರೆ ಮೂರು ಟನ್ನಿನ 100 ಟ್ರೇಲರ್. ಅಷ್ಟು ಹಣವಿದ್ದವನು ಇನ್ನೆರಡು ಎಕರೆ ಕೊಂಡಾನು! ಕೊಪ್ಪಳ, ಗದಗ ಜಿಲ್ಲೆಗಳ ಕೆಲವು ರೈತರು ಎರೆಯ ಮೇಲೆ ಗರಸು ಕೂಡಿದ ಉಸುಕನ್ನು ಹರವುತ್ತಾರೆ. ಅದು ಬೇರೆಯೇ ಪದ್ಧತಿ. ಅಲ್ಲಿ ಉಸುಕು ಮಣ್ಣಿನೊಳಗೆ ಬೆರೆಯುವುದಿಲ್ಲ, ಹೊದಿಕೆಯಾಗಿ ಮೇಲೆಯೇ ಕೂತು ಹನಿಯ ಹೊಡೆತ ತಡೆದು ಹದ ಆರದಂತೆ ಕಾಯುತ್ತದೆ. ನಾನು ಹೇಳುತ್ತಿರುವುದನ್ನೇ ಆ ರೈತರು ತಾವಾಗಿಯೇ ಕಂಡುಕೊಂಡಿದ್ದಾರೆ: ಎರೆಯ ಗುಟ್ಟು ಮೇಲಿನ ನಾಲ್ಕು ಬೆರಳಿನಲ್ಲಿದೆ.

ಈಗ ಗೊಬ್ಬರದ ಲೆಕ್ಕಕ್ಕೆ ಬರೋಣ. ಎತ್ತುಗಳ ಜಾಗದಲ್ಲಿ ಟ್ರ್ಯಾಕ್ಟರ್ ನಿಂತಿರುವ ಕಾಲ ಇದು. ಒಂದು ಜೋಡಿ ಎತ್ತು, ಒಂದು ಎಮ್ಮೆ ಉಳಿಸಿಕೊಂಡ ಮನೆಯಲ್ಲಿ, ಮೇಯಲು ಹೋದಾಗ ಬಿದ್ದದ್ದು, ಕುಳ್ಳು ತಟ್ಟಿದ್ದು ಕಳೆದು, ವರ್ಷಕ್ಕೆ ಐದು ಟನ್ ಗೊಬ್ಬರ ಕೈಗೆ ಸಿಕ್ಕರೆ ಹೆಚ್ಚು. ಅದನ್ನು ಆರು ಎಕರೆಗೂ ಹರಡಿದರೆ ಚದರ ಮೀಟರಿಗೆ 200 ಗ್ರಾಂ ಬೀಳುತ್ತದೆ, ಎರಡು ಹಿಡಿ. ನಮ್ಮ ಬಿಸಿಲಿನಲ್ಲಿ ಅದು ಎಲ್ಲಿ ಹೋಯಿತೆಂದು ಹುಡುಕಿದರೂ ಸಿಗುವುದಿಲ್ಲ. ನನ್ನ ಸ್ಪಷ್ಟ ಅಭಿಪ್ರಾಯ ಇದು: ಹೊಲವನ್ನು ಮೂರು ಪಾಲು ಮಾಡಿರಿ. ಇರುವ ಗೊಬ್ಬರವನ್ನೆಲ್ಲ ಒಂದು ವರ್ಷ ಒಂದೇ ಪಾಲಿಗೆ, ಅಂದರೆ ಎರಡು ಎಕರೆಗೆ ಕೊಡಿರಿ. ಎಕರೆಗೆ ಎರಡೂವರೆ ಟನ್ ಬೀಳುತ್ತದೆ. ನಾಲ್ಕನೆಯ ವರ್ಷ ಮತ್ತೆ ಅದೇ ಪಾಲಿಗೆ ಸರದಿ ಬರುತ್ತದೆ. ಪ್ರತಿ ವರ್ಷ ಎಲ್ಲ ಹೊಲಕ್ಕೂ ಸ್ವಲ್ಪ ಸ್ವಲ್ಪ ಕೊಡಬೇಕೆಂದು ವಾದಿಸುವ ಮಿತ್ರರು ನಮ್ಮಲ್ಲಿಯೇ ಇದ್ದಾರೆ. ಗೊಬ್ಬರ ಹೇರಳವಾಗಿದ್ದರೆ ಅವರ ಮಾತೇ ಸರಿ. ಕೊರತೆಯಿದ್ದಾಗ ಎಲ್ಲರಿಗೂ ಒಂದೊಂದು ತುತ್ತು ಹಂಚಿದರೆ ಯಾರ ಹೊಟ್ಟೆಯೂ ತುಂಬುವುದಿಲ್ಲ.

ಎರಡೂವರೆ ಟನ್ನಿನಿಂದ ಏನೇನೋ ನಿರೀಕ್ಷೆ ಮಾಡಬೇಡಿರಿ ಎಂದೂ ಹೇಳಬೇಕು. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧ ಪಾಲು ಮಾತ್ರ. ಎರಡೂವರೆ ಟನ್ನಿನಲ್ಲಿ ಹನ್ನೆರಡೂವರೆ ಕಿಲೋ ಸಾರಜನಕ, ಅದರಲ್ಲಿಯೂ ಮೊದಲ ವರ್ಷ ಬೆಳೆಗೆ ಸಿಗುವುದು ಮೂರನೆಯ ಒಂದು ಪಾಲಿನಷ್ಟು. 45 ಕಿಲೋ ಯೂರಿಯಾ ಚೀಲವೊಂದರಲ್ಲಿಯೇ 20 ಕಿಲೋ ಮೀರಿ ಸಾರಜನಕವಿದೆ. ರಸಗೊಬ್ಬರ ಬಿಟ್ಟೇಬಿಡಿ ಎನ್ನುವವರು ಈ ಲೆಕ್ಕ ಮಾಡಿ ನೋಡಲಿ. ಚೀಲದ ಗೊಬ್ಬರವೊಂದೇ ಸಾಕು ಎನ್ನುವವರು ಆ ಲೋಟದ ರಾಡಿ ನೀರನ್ನು ನೋಡಲಿ. ದೇಶದಲ್ಲಿ 1970ರಿಂದ ನಡೆಯುತ್ತಿರುವ ದೀರ್ಘಾವಧಿ ಗೊಬ್ಬರ ಪ್ರಯೋಗಗಳ ಪೈಕಿ ಮಧ್ಯಪ್ರದೇಶದ ಜಬಲ್ಪುರದ್ದು ಎರೆಮಣ್ಣಿನಲ್ಲಿದೆ. ಅಲ್ಲಿ ರಸಗೊಬ್ಬರದ ಜೊತೆ ಕೊಟ್ಟಿಗೆ ಗೊಬ್ಬರ ಪಡೆದ ತಾಕುಗಳೇ ಇಳುವರಿಯಲ್ಲಿಯೂ ಮಣ್ಣಿನ ಸಾವಯವ ಇಂಗಾಲದಲ್ಲಿಯೂ ಮುಂದಿವೆ. ಸುಣ್ಣದ ಅಂಶ ಹೆಚ್ಚಿರುವ ನಮ್ಮ ಎರೆಗಳಲ್ಲಿ ಸತು, ಕಬ್ಬಿಣಗಳು ಮಣ್ಣಿನಲ್ಲಿದ್ದೂ ಬೇರಿಗೆ ಸಿಗದೆ ಎಲೆ ಬಿಳಿಚಿಕೊಳ್ಳುವುದುಂಟು. ಹಣ್ಣಾದ ಗೊಬ್ಬರ ಅವುಗಳನ್ನು ಬಿಡಿಸಿ ಕೊಡಲು ನೆರವಾಗುತ್ತದೆ.

ಐದು ಟನ್ನನ್ನು ಏಳೆಂಟು ಟನ್ ಮಾಡುವ ದಾರಿ ನಿಮ್ಮ ಬದುವಿನ ಮೇಲೆಯೇ ಬಿದ್ದಿದೆ. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ, ಸೂರ್ಯಕಾಂತಿ ದಂಟು, ದನ ತಿಂದು ಬಿಟ್ಟ ಕಣಿಕೆಯ ತುಂಡುಗಳು. ಮನೆಗೆ ಗ್ಯಾಸ್ ಬಂದ ಮೇಲೆ ಕಟ್ಟಿಗೆಯನ್ನು ಒಲೆಗೆ ಹಾಕುವವರು ಕಡಿಮೆಯಾಗಿ, ಹೊಲದಲ್ಲಿಯೇ ಬೆಂಕಿ ಇಡುವವರು ಹೆಚ್ಚಾಗಿದ್ದಾರೆ. ಸುಡದೆ ಬದುವಿಗೆ ಒಟ್ಟಿದರೆ ಇನ್ನೊಂದು ಕೇಡು. ಹತ್ತಿಯ ಗುಲಾಬಿ ಕಾಯಿಕೊರಕ ಅದರಲ್ಲಿನ ಒಣ ಕಾಯಿಗಳಲ್ಲಿಯೇ ಅಡಗಿ ಮುಂದಿನ ವರ್ಷಕ್ಕೆ ಕಾಯುತ್ತದೆ. ಎರೆಭೂಮಿಯ ಇಂದೂರಿನಲ್ಲಿ ಅಲ್ಬರ್ಟ್ ಹೊವರ್ಡ್ ಮತ್ತು ಯಶವಂತ ವಾಡ್ ಅವರು ಕಾಂಪೋಸ್ಟ್ ಪದ್ಧತಿಯನ್ನು ರೂಪಿಸಿ 1931ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಗಟ್ಟಿಯಾದ ಹತ್ತಿ ಕಟ್ಟಿಗೆಯನ್ನು ಅಲ್ಲಿ ದಾರಿಯ ಮೇಲೆ ಹರಡಿ, ಬಂಡಿಗಳು ಓಡಾಡಿ ಜಜ್ಜಿದ ಮೇಲೆ ಗುಂಡಿಗೆ ಹಾಕುತ್ತಿದ್ದರು. ಈಗ ಕಟ್ಟಿಗೆ ಪುಡಿ ಮಾಡುವ ಯಂತ್ರ ಕೆಲವೆಡೆ ಬಾಡಿಗೆಗೆ ಸಿಗುತ್ತದೆ. ಸಿಗದಿದ್ದರೆ ಟ್ರ್ಯಾಕ್ಟರಿನ ಗಾಲಿಯೇ ಆ ಕೆಲಸ ಮಾಡೀತು.

ಪದ್ಧತಿ ನಿಮಗೆ ಹೊಸದಲ್ಲ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಮಳೆನೀರು ನುಗ್ಗದ ಎತ್ತರದ ಜಾಗದಲ್ಲಿ ಮೂರು ಅಡಿ ಆಳ, ಆರು ಅಡಿ ಅಗಲದ ಗುಂಡಿ ಇರಲಿ, ಉದ್ದ ನಿಮ್ಮ ಅನುಕೂಲ. ಎರೆಯಲ್ಲಿ ತೋಡಿದ ಗುಂಡಿ ಮಳೆಗಾಲದಲ್ಲಿ ಬಾವಿಯಾಗುತ್ತದೆ, ಆಗ ನೆಲದ ಮೇಲೆಯೇ ಗುಡ್ಡೆ ಹಾಕುವುದು ಮೇಲು. ಮುಕ್ಕಾಲು ಅಡಿ ಕಸಕಡ್ಡಿ, ಅದರ ಮೇಲೆ ಎರಡು ಇಂಚು ಸೆಗಣಿ, ಗಂಜಳದಲ್ಲಿ ನೆನೆದ ಕೊಟ್ಟಿಗೆಯ ಮಣ್ಣು, ನೀರು. ಹೀಗೆ ಪದರ ಪದರವಾಗಿ ತುಂಬಿರಿ. ಗಂಜಳವನ್ನು ಚರಂಡಿಗೆ ಹರಿಯಬಿಡುವುದು ನಮ್ಮ ದೊಡ್ಡ ತಪ್ಪು. ಸಾರಜನಕದ ಒಳ್ಳೆಯ ಪಾಲು ಅದರಲ್ಲಿಯೇ ಇದೆ. ಇಂದೂರು ಪದ್ಧತಿಯಂತೆ ಮೂರು ಸಲ ತಿರುವಿದರೆ ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ತಿರುವಲು ಆಳಿಲ್ಲದವರು ಆಚಾರ್ಯ ಅವರು ಬೆಂಗಳೂರಿನಲ್ಲಿ ರೂಪಿಸಿದ ಪದ್ಧತಿಯಂತೆ ಗುಂಡಿಯ ಬಾಯಿಯನ್ನು ಕೆಸರಿನಿಂದ ಮೆತ್ತಿ ಆರು ತಿಂಗಳು ಬಿಡಬಹುದು. ಒಳಗೆ ಕಾವು ಎದ್ದಿದೆಯೇ ಎಂದು ತಿಳಿಯಲು ಕಬ್ಬಿಣದ ಸಲಾಕೆಯನ್ನು ಚುಚ್ಚಿ ಸ್ವಲ್ಪ ಹೊತ್ತಿನ ಮೇಲೆ ಎಳೆದು ಮುಟ್ಟಿರಿ, ಕೈಗೆ ಸುರ್ ಎನ್ನಬೇಕು. ಆ ಕಾವಿನಲ್ಲಿ ಕಸದ ಬೀಜಗಳು ಬಹಳಷ್ಟು ಸಾಯುತ್ತವೆ. ಆದರೂ ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ ಕಿತ್ತು ಹಾಕಿರಿ. ಪ್ಲಾಸ್ಟಿಕ್ಕು, ಗುಟಕಾ ಚೀಟಿಗಳನ್ನು ತಿಪ್ಪೆಗೆ ಬೀಳದಂತೆ ಮನೆಯವರಿಗೆಲ್ಲ ಹೇಳಬೇಕಾದ ಕಾಲ ಬಂದಿದೆ. ಅವು ಮೂರು ತಿಂಗಳಲ್ಲಲ್ಲ, ಮೂರು ತಲೆಮಾರಿಗೂ ಕೊಳೆಯವು.

ಹಣ್ಣಾದ ಗೊಬ್ಬರಕ್ಕೆ ಕಾವಿಲ್ಲ, ಸೆಗಣಿಯ ವಾಸನೆಯಿಲ್ಲ. ಮೊದಲ ಮಳೆಗೆ ನೆಲ ಬಿಡುವ ವಾಸನೆ ಇರುತ್ತದೆ. ದಂಟನ್ನು ಬೆರಳಲ್ಲಿ ಹಿಡಿದರೆ ಪುಡಿಯಾಗಬೇಕು. ಅಷ್ಟು ಆಗುವವರೆಗೆ ಹೊಲಕ್ಕೆ ಹೇರಬೇಡಿರಿ.

ಹೇರಿದ ಮೇಲಿನ ತಪ್ಪು ಇನ್ನೂ ದೊಡ್ಡದು. ಯುಗಾದಿ ಕಳೆಯುತ್ತಲೇ ಹೊಲದ ತುಂಬ ಗೊಬ್ಬರದ ಸಣ್ಣ ಗುಪ್ಪೆಗಳು ಕಾಣಿಸುತ್ತವೆ. ಎರಡು ತಿಂಗಳು ಅವು ಬಿಸಿಲಲ್ಲಿ ಬೇಯುತ್ತವೆ. ಸಾರಜನಕ ಗಾಳಿಗೆ ಹೋಗುತ್ತದೆ, ಅಡ್ಡಮಳೆ ಬಂದರೆ ಉಳಿದ ಸತ್ವ ಗುಪ್ಪೆಯ ಕೆಳಗಿನ ಮೊಳದಷ್ಟು ಜಾಗಕ್ಕೆ ಇಳಿಯುತ್ತದೆ. ಮುಂದೆ ಅಲ್ಲಷ್ಟೇ ಬೆಳೆ ಕಪ್ಪಾಗಿ ಎದ್ದು ನಿಲ್ಲುವುದನ್ನು ನೀವೂ ಕಂಡಿದ್ದೀರಿ. ಗೊಬ್ಬರವನ್ನು ಹೊಲದ ಮೂಲೆಯಲ್ಲಿ ಒಂದೇ ದೊಡ್ಡ ಒಟ್ಟಿಲಾಗಿ ಹಾಕಿ, ಮಣ್ಣು ಮುಚ್ಚಿಡಿರಿ. ಹರಡಿದ ದಿನವೇ ಕುಂಟೆಯಿಂದ ಹರಗಿ ಮೇಲಿನ ಮೂರು ನಾಲ್ಕು ಇಂಚಿನಲ್ಲಿ ಬೆರೆಸಿರಿ. ಆಳವಾಗಿ ರಂಟೆ ಹೊಡೆದು ಅಡಿಗೆ ಹಾಕಬೇಡಿರಿ. ಬಾಗಿಲು ಮೇಲಿದೆ, ಗೊಬ್ಬರವೂ ಅಲ್ಲಿಯೇ ಇರಲಿ.

ಮುಂಗಾರಿಗೆ ಹೆಸರು ಬಿತ್ತಿ ಹಿಂಗಾರಿಗೆ ಜೋಳವೋ ಕಡಲೆಯೋ ಬಿತ್ತುವವರು ಗೊಬ್ಬರವನ್ನು ಹೆಸರಿಗೆ ಮೊದಲೇ ಕೊಡುವುದು ಒಳ್ಳೆಯದು. ಮೂರು ತಿಂಗಳ ಹದದಲ್ಲಿ ಅದು ಮಣ್ಣಿನ ಜೊತೆ ಒಂದಾಗಿ, ಸೆಪ್ಟೆಂಬರಿನ ಮಳೆಯನ್ನು ಬರಮಾಡಿಕೊಳ್ಳಲು ಹೊಲ ಸಿದ್ಧವಾಗಿರುತ್ತದೆ. ಮುಂಗಾರಿನಲ್ಲಿ ಹೊಲ ಖಾಲಿ ಬಿಡುವವರು ಜುಲೈ-ಆಗಸ್ಟ್ ಹರಗುವಿಕೆಯ ಮೊದಲು ಕೊಡಲಿ. ಬಿತ್ತನೆಯ ವಾರದಲ್ಲಿ ಮಾತ್ರ ಬೇಡ, ನಮ್ಮ ಅಣ್ಣನ ಜೋಳದ ಗತಿ ನೆನಪಿರಲಿ.

ಅಣ್ಣನ ವಿಷಯವನ್ನು ಅರ್ಧಕ್ಕೇ ಬಿಟ್ಟೆ. ಎರಡು ವರ್ಷ ಅವನು ಆ ಪಟ್ಟಿಗೆ ಗೊಬ್ಬರ ಮುಟ್ಟಿಸಲಿಲ್ಲ, ನಾನೂ ಹೇಳುವ ಧೈರ್ಯ ಮಾಡಲಿಲ್ಲ. ತಿಪ್ಪೆ ತಾನಾಗಿ ಹಣ್ಣಾಯಿತು. 2013ರ ಮೇ ತಿಂಗಳಲ್ಲಿ ತಾನೇ ಮನಸ್ಸು ಮಾಡಿ ಅದೇ ಎಕರೆಗೆ ಹಾಕಿ, ಹರಗಿ, ಹೆಸರು ಬಿತ್ತಿದ. ಸೆಪ್ಟೆಂಬರಿನಲ್ಲಿ ದೊಡ್ಡ ಮಳೆಯಾದ ಮರುದಿನ ಬೆಳಿಗ್ಗೆ ಫೋನು ಮಾಡಿ, "ತಮ್ಮಾ, ಆ ಪಟ್ಟ್ಯಾಗ ನೀರ ನಿಂತಿಲ್ಲ, ಬಾಜೂದಾಗ ಕೆರಿ ಆಗೇತಿ" ಎಂದ. ಜೋಳದ ಇಳುವರಿಯ ಅಂಕಿ ಇಲ್ಲಿ ಕೊಡುವುದಿಲ್ಲ. ಒಂದು ಎಕರೆಯ, ಒಂದು ವರ್ಷದ ಮಾತನ್ನು ಪ್ರಯೋಗವೆಂದು ಕರೆಯುವುದು ನಮ್ಮ ಶಾಸ್ತ್ರಕ್ಕೆ ಒಪ್ಪುವುದಲ್ಲ. ಅಂದಿನಿಂದ ಅವನು ಮೂರು ಪಾಲಿನ ಸರದಿ ತಪ್ಪಿಸಿಲ್ಲ ಎಂದಷ್ಟೇ ಹೇಳಬಲ್ಲೆ.

ಇನ್ನೆರಡು ಎಚ್ಚರಿಕೆಗಳು. ಮಲಪ್ರಭಾ, ತುಂಗಭದ್ರಾ ಅಚ್ಚುಕಟ್ಟುಗಳಲ್ಲಿ ಸವಳು-ಜವಳಾದ ಎರೆಯಿದೆ. ಅಲ್ಲಿ ಸೋಡಿಯಂ ಹೆಚ್ಚಾಗಿ ಮಣ್ಣು ಬಿಗಿದಿದ್ದರೆ ಗೊಬ್ಬರವೊಂದರಿಂದಲೇ ಬಾಗಿಲು ತೆರೆಯುವುದಿಲ್ಲ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಜಿಪ್ಸಮ್ ಎಷ್ಟು ಬೇಕೆಂದು ಕೇಳಿ, ನೀರು ಬಸಿದುಹೋಗಲು ಬಸಿಗಾಲುವೆ ಮಾಡಿರಿ. ಗೊಬ್ಬರ ಅದರ ನಂತರ. ಕೋಳಿಗೊಬ್ಬರದಲ್ಲಿ ಲವಣ ಹೆಚ್ಚು, ಅಂಥ ಹೊಲಕ್ಕೆ ಅದನ್ನು ಹಸಿಯಾಗಿ ಒಯ್ಯಲೇಬಾರದು.

ಎರಡನೆಯದು ಟ್ರ್ಯಾಕ್ಟರಿನದು. ಒಂದು ಮಳೆ ಬಿದ್ದ ಮೇಲೆ ನೆನಪಾಗಿ, ತುಂಬಿದ ಟ್ರೇಲರನ್ನು ಹಸಿ ಎರೆಗೆ ಇಳಿಸುವವರಿದ್ದಾರೆ. ಗಾಲಿ ಹಾದ ಜಾಡಿನಲ್ಲಿ ಮಣ್ಣು ಹಿಸುಕಿ, ಒಣಗಿದಾಗ ಇಟ್ಟಿಗೆಯಾಗುತ್ತದೆ. ಗೊಬ್ಬರ ಹಾಕಿ ಬಿಡಿಸಿದ್ದನ್ನು ಗೊಬ್ಬರ ತಂದ ಗಾಡಿಯೇ ಬಿಗಿದು ಹೋಗುತ್ತದೆ. ಹೇರುವ ಕೆಲಸ ಒಣ ನೆಲದಲ್ಲಿಯೇ, ಮೇ ತಿಂಗಳೊಳಗೆ ಮುಗಿಯಲಿ. ತಪ್ಪಿದರೆ ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡಿರಿ. ಉಂಡೆ ಒಡೆದು ಚೂರಾದರೆ ಗಾಡಿ ಇಳಿಸಬಹುದು. ಹಾಗೆಯೇ ಕುಳಿತರೆ ಇನ್ನೂ ನಾಲ್ಕು ದಿನ ತಡೆಯಿರಿ, ಗೊಬ್ಬರ ಮೂಲೆಯ ಒಟ್ಟಿಲಿನಲ್ಲಿಯೇ ಮಣ್ಣು ಹೊದ್ದು ಇರಲಿ.